ಉಲ್ಲೇಖಗಳ ಲೆಕ್ಕ, ವಿದ್ವತ್ತಿನ ತೂಕ

ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಅಧ್ಯಾಪಕರ ಆಯ್ಕೆ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಅರ್ಜಿಗಳ ಮೇಲೆ ಒಂದು ಪಟ್ಟಿಯನ್ನು ಲಗತ್ತಿಸಿದ್ದರು. ಅದರಲ್ಲಿ ಅಭ್ಯರ್ಥಿಯ ಹೆಸರು, ಪ್ರಬಂಧಗಳ ಸಂಖ್ಯೆ, ಒಟ್ಟು ಉಲ್ಲೇಖಗಳು ಮತ್ತು ಕೊನೆಯ ಕಲಮಿನಲ್ಲಿ ‘ಎಚ್-ಸೂಚ್ಯಂಕ’ ಇದ್ದವು. ಪಟ್ಟಿಯನ್ನು ಜೋಡಿಸಿದ್ದುದೇ ಆ ಕೊನೆಯ ಕಲಮಿನ ಇಳಿಕೆ ಕ್ರಮದಲ್ಲಿ. ಮೇಲಿನ ಸಾಲಿನಲ್ಲಿದ್ದವರು ನ್ಯಾನೊ ಪದಾರ್ಥಗಳ ಮೇಲೆ ಕೆಲಸ ಮಾಡಿದವರು. ಅವರ ಸೂಚ್ಯಂಕ 17. ಪ್ರಬಂಧಗಳು ಅರವತ್ತಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ಎಂಟು ಹತ್ತು ಜನ ಲೇಖಕರು. ಕೆಳಗಿನ ಸಾಲಿನಲ್ಲಿದ್ದವರು ಗಣಿತೀಯ ಭೌತವಿಜ್ಞಾನದವರು. ಅವರ ಸೂಚ್ಯಂಕ 4, ಪ್ರಬಂಧಗಳು ಒಂಬತ್ತು, ಅವುಗಳಲ್ಲಿ ಹೆಚ್ಚಿನವು ಒಬ್ಬರೇ ಬರೆದವು. ಮೇಲಿನ ಆರು ಜನರನ್ನು ಮಾತ್ರ ಸಂದರ್ಶನಕ್ಕೆ ಕರೆಯಬೇಕೆಂದು ತೀರ್ಮಾನವಾಯಿತು. ನಾವು ಯಾರೂ ಯಾರ ಪ್ರಬಂಧವನ್ನೂ ತೆರೆದು ನೋಡಲಿಲ್ಲ. ಆ ತೀರ್ಮಾನಕ್ಕೆ ನಾನೂ ಸಹಿ ಹಾಕಿದೆ.

ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ಕಾಡತೊಡಗಿತು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಏಕಮಾನವಿಲ್ಲದೆ ಉತ್ತರ ಬರೆದರೆ ನಾವು ಅಂಕ ಕಳೆಯುತ್ತೇವೆ. ಒಬ್ಬರ ಉದ್ದವನ್ನು ಸೆಂಟಿಮೀಟರಿನಲ್ಲೂ ಇನ್ನೊಬ್ಬರದನ್ನು ಅಂಗುಲದಲ್ಲೂ ಅಳೆದು ಹೋಲಿಸಿದರೆ ನಗುತ್ತೇವೆ. ಹಾಗಾದರೆ 17 ಮತ್ತು 4 ಎಂಬ ಈ ಎರಡು ಸಂಖ್ಯೆಗಳ ಏಕಮಾನ ಯಾವುದು? ಎರಡೂ ಒಂದೇ ಏಕಮಾನದಲ್ಲಿವೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಉಲ್ಲೇಖ ಎಂದರೇನು?

ಸಂಶೋಧಕರು ತಮ್ಮ ಪ್ರಬಂಧದ ಕೊನೆಯಲ್ಲಿ ತಾವು ಬಳಸಿಕೊಂಡ ಹಿಂದಿನ ಪ್ರಬಂಧಗಳ ಪಟ್ಟಿಯನ್ನು ಕೊಡುತ್ತಾರೆ. ಆ ಪಟ್ಟಿಯಲ್ಲಿ ಒಂದು ಪ್ರಬಂಧದ ಹೆಸರು ಬಂದರೆ ಅದಕ್ಕೆ ಒಂದು ‘ಉಲ್ಲೇಖ’ ದೊರೆತಂತಾಯಿತು. ಒಂದು ಪ್ರಬಂಧವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬುದನ್ನು ಹುಡುಕುವುದು ಒಂದು ಕಾಲದಲ್ಲಿ ಬಹಳ ಕಷ್ಟದ ಕೆಲಸವಾಗಿತ್ತು. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಇದಕ್ಕೊಂದು ಉಪಾಯವನ್ನು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸೂಚಿಸಿದರು. ಅವರಿಗೆ ಮಾದರಿಯಾಗಿದ್ದುದು ಅಲ್ಲಿನ ವಕೀಲರು ಬಳಸುತ್ತಿದ್ದ ಒಂದು ಸೂಚಿ. ಯಾವ ಹಳೆಯ ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಆಧರಿಸಿವೆ, ಯಾವುವು ತಳ್ಳಿಹಾಕಿವೆ ಎಂಬುದನ್ನು ಅದು ತಿಳಿಸುತ್ತಿತ್ತು. ಇದೇ ರೀತಿ ವಿಜ್ಞಾನಕ್ಕೂ ಒಂದು ಸೂಚಿ ಬೇಕೆಂದು ಗಾರ್‌ಫೀಲ್ಡ್ ವಾದಿಸಿದರು. ಫಿಲಡೆಲ್ಫಿಯಾದ ಅವರ ಸಂಸ್ಥೆಯಿಂದ 1964ರಲ್ಲಿ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಹೊರಬಂದಿತು.

ಇದು ಮೂಲತಃ ಮಾಹಿತಿ ಹುಡುಕುವ ಸಾಧನವಾಗಿತ್ತು ಎಂಬುದನ್ನು ಗಮನಿಸಬೇಕು. ಸೂಚಿಯಲ್ಲಿ ಯಾವ ಪತ್ರಿಕೆಗಳನ್ನು ಸೇರಿಸಬೇಕೆಂದು ನಿರ್ಧರಿಸಲು ‘ಪ್ರಭಾವಾಂಕ’ ಎಂಬ ಲೆಕ್ಕ ಬಳಕೆಗೆ ಬಂತು. ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದರೆ ಪ್ರಭಾವಾಂಕ ಸಿಗುತ್ತದೆ. ಅಂದರೆ ಇದು ಪತ್ರಿಕೆಯ ಸರಾಸರಿ. ಒಂದು ತರಗತಿಯ ಸರಾಸರಿ ಅಂಕದಿಂದ ಒಬ್ಬ ವಿದ್ಯಾರ್ಥಿಯ ಅಂಕವನ್ನು ಹೇಳಲಾಗದು. ಹಾಗೆಯೇ ಪತ್ರಿಕೆಯ ಪ್ರಭಾವಾಂಕದಿಂದ ಅದರೊಳಗಿನ ಒಂದು ಪ್ರಬಂಧದ ಗುಣವನ್ನು ಹೇಳಲಾಗದು.

ಎಚ್-ಸೂಚ್ಯಂಕದ ಲೆಕ್ಕ

ಪತ್ರಿಕೆಗೆ ಒಂದು ಅಂಕವಿದ್ದಂತೆ ವಿಜ್ಞಾನಿಗೂ ಒಂದು ಅಂಕ ಕೊಡಬಹುದೇ? ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯಾಗೊ ಶಾಖೆಯ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಒಂದು ಸರಳ ಕ್ರಮವನ್ನು ಮುಂದಿಟ್ಟರು. ಒಬ್ಬರ ಪ್ರಬಂಧಗಳನ್ನು ಉಲ್ಲೇಖಗಳ ಇಳಿಕೆ ಕ್ರಮದಲ್ಲಿ ಬರೆಯಿರಿ. ಮೇಲಿನಿಂದ 1, 2, 3 ಎಂದು ಸ್ಥಾನಸಂಖ್ಯೆ ಕೊಡುತ್ತ ಹೋಗಿ. ಉಲ್ಲೇಖಗಳ ಸಂಖ್ಯೆಯು ಸ್ಥಾನಸಂಖ್ಯೆಗಿಂತ ಕಡಿಮೆಯಾಗದಿರುವ ಕೊನೆಯ ಸ್ಥಾನವೇ ಎಚ್-ಸೂಚ್ಯಂಕ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ‘ಅ’ ಎಂಬವರ ಏಳು ಪ್ರಬಂಧಗಳಿಗೆ ಕ್ರಮವಾಗಿ 40, 22, 9, 6, 5, 3, 1 ಉಲ್ಲೇಖಗಳು ದೊರೆತಿವೆ ಎನ್ನಿ. ಐದನೆಯ ಪ್ರಬಂಧಕ್ಕೆ 5 ಉಲ್ಲೇಖಗಳಿವೆ. ಆರನೆಯದಕ್ಕೆ 3 ಮಾತ್ರ. ಆದ್ದರಿಂದ ಅವರ ಸೂಚ್ಯಂಕ 5. ‘ಆ’ ಎಂಬವರ ನಾಲ್ಕು ಪ್ರಬಂಧಗಳಿಗೆ 900, 4, 3, 2 ಉಲ್ಲೇಖಗಳಿವೆ. ಇವರ ಸೂಚ್ಯಂಕ 3. ಮೊದಲನೆಯವರ ಒಟ್ಟು ಉಲ್ಲೇಖಗಳು 86, ಎರಡನೆಯವರದು 909. ಆದರೂ ಸೂಚ್ಯಂಕದ ಪಟ್ಟಿಯಲ್ಲಿ ಮೊದಲನೆಯವರೇ ಮೇಲೆ.

ಈ ಉದಾಹರಣೆಯಿಂದ ಎರಡು ಸಂಗತಿಗಳು ತಿಳಿಯುತ್ತವೆ. ಒಂದೆರಡು ಪ್ರಬಂಧಗಳು ಮಾತ್ರ ಅತಿಯಾಗಿ ಪ್ರಸಿದ್ಧವಾಗಿದ್ದರೆ ಸೂಚ್ಯಂಕ ಅದಕ್ಕೆ ಮರುಳಾಗುವುದಿಲ್ಲ. ಹಿರ್ಶ್ ಬಯಸಿದ್ದೂ ಅದನ್ನೇ. ಆದರೆ ಸೂಚ್ಯಂಕವು ಎಂದಿಗೂ ಪ್ರಬಂಧಗಳ ಸಂಖ್ಯೆಯನ್ನು ಮೀರಲಾರದು. ನಾಲ್ಕೇ ಪ್ರಬಂಧ ಬರೆದವರ ಸೂಚ್ಯಂಕ ಅವು ಎಷ್ಟೇ ದೊಡ್ಡವಾಗಿದ್ದರೂ 4ನ್ನು ದಾಟದು. ಪೀಟರ್ ಹಿಗ್ಸ್ ತಮ್ಮ ಹೆಸರಿನ ಕಣದ ಬಗ್ಗೆ 1964ರಲ್ಲಿ ಬರೆದರು. ಆ ಬಳಿಕ ಅವರು ಪ್ರಕಟಿಸಿದ ಪ್ರಬಂಧಗಳು ಹತ್ತಕ್ಕಿಂತ ಕಡಿಮೆ. ಇಂದಿನ ದಿನಗಳಲ್ಲಾದರೆ ತಮಗೆ ಯಾವ ವಿಶ್ವವಿದ್ಯಾನಿಲಯವೂ ಕೆಲಸ ಕೊಡುತ್ತಿರಲಿಲ್ಲ ಎಂದು ಅವರು ನೊಬೆಲ್ ಪ್ರಶಸ್ತಿ ಪಡೆದ 2013ರಲ್ಲಿ ಹೇಳಿಕೊಂಡಿದ್ದರು.

ಊರಿಗೊಂದು ಸೇರು

ಮೆಟ್ರಿಕ್ ಪದ್ಧತಿ ಬರುವ ಮುನ್ನ ನಮ್ಮಲ್ಲಿ ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ ಇದ್ದವು. ಹತ್ತು ಸೇರು ಅಕ್ಕಿ ಎಂದರೆ ಯಾವ ಊರಿನ ಸೇರು ಎಂದು ಕೇಳಲೇಬೇಕಿತ್ತು. ಉಲ್ಲೇಖಗಳ ವಿಷಯವೂ ಹಾಗೆಯೇ. ಇದಕ್ಕೆ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು.

ಒಂದು ಕ್ಷೇತ್ರದ ಸಂಶೋಧಕರು ತಮ್ಮ ಕ್ಷೇತ್ರದ ಪ್ರಬಂಧಗಳನ್ನು ಮಾತ್ರ ಉಲ್ಲೇಖಿಸುತ್ತಾರೆಂದೂ ಅಲ್ಲಿ ಪ್ರತಿ ವರ್ಷ 1000 ಪ್ರಬಂಧಗಳು ಬರುತ್ತವೆಂದೂ ಊಹಿಸೋಣ. ಪ್ರತಿ ಪ್ರಬಂಧದ ಕೊನೆಯಲ್ಲಿ ಸರಾಸರಿ 20 ಉಲ್ಲೇಖಗಳಿದ್ದರೆ ಒಂದು ವರ್ಷದಲ್ಲಿ ಕೊಟ್ಟ ಉಲ್ಲೇಖಗಳು 20,000. ಕೊಟ್ಟದ್ದೆಲ್ಲ ಯಾರಿಗೋ ದೊರೆತೇ ದೊರೆಯುತ್ತದೆ. ವರ್ಷಕ್ಕೆ ಹುಟ್ಟುವ ಪ್ರಬಂಧಗಳು 1000. ಹೀಗಾಗಿ ದೀರ್ಘಕಾಲದಲ್ಲಿ ಒಂದು ಪ್ರಬಂಧಕ್ಕೆ ಸರಾಸರಿ ದೊರೆಯುವುದು 20 ಉಲ್ಲೇಖಗಳು. ಇನ್ನೊಂದು ಕ್ಷೇತ್ರದಲ್ಲಿ ಪಟ್ಟಿಗಳು ಉದ್ದವಾಗಿದ್ದು ಸರಾಸರಿ 50 ಉಲ್ಲೇಖಗಳಿದ್ದರೆ ಅಲ್ಲಿನ ಪ್ರಬಂಧಕ್ಕೆ ಸರಾಸರಿ 50 ದೊರೆಯುತ್ತವೆ. ಅಲ್ಲಿನವರು ಹೆಚ್ಚು ಬುದ್ಧಿವಂತರೆಂದು ಹೀಗಾಗಲಿಲ್ಲ. ಅಲ್ಲಿ ಪಟ್ಟಿ ಬರೆಯುವ ರೂಢಿ ಬೇರೆ, ಅಷ್ಟೆ. ಕ್ಷೇತ್ರ ವೇಗವಾಗಿ ಬೆಳೆಯುತ್ತಿದ್ದರೆ ಉಲ್ಲೇಖ ಕೊಡುವ ಹೊಸ ಪ್ರಬಂಧಗಳು ಹೆಚ್ಚುವುದರಿಂದ ಸರಾಸರಿ ಇನ್ನೂ ಮೇಲೇರುತ್ತದೆ.

ಇದರ ಜೊತೆಗೆ ಇನ್ನೆರಡು ವ್ಯತ್ಯಾಸಗಳಿವೆ. ಮೊದಲನೆಯದು ಲೇಖಕರ ಸಂಖ್ಯೆ. ಗಣಿತದಲ್ಲಿ ಒಬ್ಬರು ಅಥವಾ ಇಬ್ಬರು ಬರೆಯುವುದು ಸಾಮಾನ್ಯ. ಕಣ ಭೌತವಿಜ್ಞಾನದ ದೊಡ್ಡ ಪ್ರಯೋಗಗಳ ಪ್ರಬಂಧಗಳಲ್ಲಿ ಸಾವಿರಾರು ಹೆಸರುಗಳಿರುತ್ತವೆ. ಎಚ್-ಸೂಚ್ಯಂಕದ ಲೆಕ್ಕದಲ್ಲಿ ಇಬ್ಬರಿಗೂ ಒಂದೊಂದು ಪೂರ್ಣ ಪ್ರಬಂಧ ಸಲ್ಲುತ್ತದೆ. ಎರಡನೆಯದು ಕಾಲ. ಜೀವವಿಜ್ಞಾನದ ಹೊಸ ಕ್ಷೇತ್ರಗಳಲ್ಲಿ ಎರಡು ಮೂರು ವರ್ಷಗಳಲ್ಲೇ ಉಲ್ಲೇಖಗಳು ಬಂದು ಬೀಳುತ್ತವೆ. ಗಣಿತದ ಒಂದು ಪ್ರಮೇಯ ಹಲವು ವರ್ಷ ಕಾಯಬೇಕಾಗಬಹುದು. ಎರಡು ವರ್ಷಗಳ ಪ್ರಭಾವಾಂಕ ಈ ಕಾಯುವಿಕೆಯನ್ನು ಕಾಣುವುದೇ ಇಲ್ಲ.

ಜೀವವಿಜ್ಞಾನಿಗಳ ಸೂಚ್ಯಂಕ ಭೌತವಿಜ್ಞಾನಿಗಳದಕ್ಕಿಂತ ಹೆಚ್ಚಾಗಿರುತ್ತದೆ ಎಂಬುದನ್ನು ಹಿರ್ಶ್ ತಮ್ಮ ಮೊದಲ ಪ್ರಬಂಧದಲ್ಲೇ ತೋರಿಸಿದ್ದರು. ಆಗಿನ ಲೆಕ್ಕದಂತೆ ಭೌತವಿಜ್ಞಾನಿಗಳಲ್ಲಿ ಮೇಲಿದ್ದ ಎಡ್ವರ್ಡ್ ವಿಟನ್ ಅವರದು 110; ಜೀವವಿಜ್ಞಾನದಲ್ಲಿ ಸಾಲೊಮನ್ ಸ್ನೈಡರ್ ಅವರದು 191. ಇಬ್ಬರೂ ತಮ್ಮ ತಮ್ಮ ಕ್ಷೇತ್ರದ ಶಿಖರಗಳು. 191ರಲ್ಲಿ 110ನ್ನು ಕಳೆದರೆ ಬರುವ 81ಕ್ಕೆ ಯಾವ ಅರ್ಥವೂ ಇಲ್ಲ.

ಒಬ್ಬರೇ ವಿಜ್ಞಾನಿ, ಹಲವು ಕ್ಷೇತ್ರಗಳು

ಇಬ್ಬರನ್ನು ಹೋಲಿಸುವಾಗ ಇರುವ ಈ ತೊಡಕು ಒಬ್ಬರೇ ವಿದ್ವಾಂಸರು ಹಲವು ಕ್ಷೇತ್ರಗಳಲ್ಲಿ ದುಡಿದಿದ್ದರೆ ಅವರೊಬ್ಬರ ದಾಖಲೆಯೊಳಗೇ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಸುಬ್ರಹ್ಮಣ್ಯನ್ ಚಂದ್ರಶೇಖರ್ (1910–1995) ಅವರಿಗಿಂತ ಉತ್ತಮ ಉದಾಹರಣೆ ಸಿಗಲಾರದು. ಅವರು ಒಂದು ಕ್ಷೇತ್ರವನ್ನು ಹಿಡಿದರೆ ಹಲವು ವರ್ಷ ಅದರಲ್ಲೇ ಮುಳುಗಿ, ಕೊನೆಗೆ ಅದರ ಮೇಲೊಂದು ಸಮಗ್ರ ಗ್ರಂಥ ಬರೆದು, ಮುಂದಿನ ಕ್ಷೇತ್ರಕ್ಕೆ ಹೋಗುತ್ತಿದ್ದರು. ನಕ್ಷತ್ರಗಳ ರಚನೆಯ ಗ್ರಂಥ 1939ರಲ್ಲಿ, ನಕ್ಷತ್ರಗಳ ಗತಿವಿಜ್ಞಾನದ್ದು 1942ರಲ್ಲಿ, ವಿಕಿರಣದ ಸಾಗಣೆಯದು 1950ರಲ್ಲಿ ಬಂದವು. ದ್ರವಗಳ ಹಾಗೂ ಕಾಂತಕ್ಷೇತ್ರದಲ್ಲಿರುವ ದ್ರವಗಳ ಸ್ಥಿರತೆಯ ಗ್ರಂಥ 1961ರಲ್ಲಿ, ತಿರುಗುವ ದ್ರವಗೋಳಗಳ ಆಕೃತಿಯದು 1969ರಲ್ಲಿ, ಕಪ್ಪು ಕುಳಿಗಳ ಗಣಿತದ್ದು 1983ರಲ್ಲಿ ಪ್ರಕಟವಾದವು. ನ್ಯೂಟನ್ನನ ‘ಪ್ರಿನ್ಸಿಪಿಯ’ವನ್ನು ಕುರಿತ ಗ್ರಂಥ ಅವರು ನಿಧನರಾದ 1995ರಲ್ಲೇ ಹೊರಬಂದಿತು.

ಈಗ ಅವರ ಎರಡು ಪ್ರಬಂಧಗಳನ್ನು ಮಾತ್ರ ಎದುರುಬದುರು ಇಟ್ಟು ನೋಡೋಣ. ಮೊದಲನೆಯದು 1931ರಲ್ಲಿ ‘ಆಸ್ಟ್ರೋಫಿಸಿಕಲ್ ಜರ್ನಲ್’ನಲ್ಲಿ ಬಂದ ಎರಡೇ ಪುಟಗಳ ಬರಹ. ಶ್ವೇತ ಕುಬ್ಜ ನಕ್ಷತ್ರದ ರಾಶಿಗೆ ಒಂದು ಗರಿಷ್ಠ ಮಿತಿಯಿದೆ ಎಂಬುದು ಅದರ ಸಾರ. ಈ ಮಿತಿಯ ಇಂದಿನ ಬೆಲೆ ಸೂರ್ಯನ ರಾಶಿಯ ಸುಮಾರು 1.4ರಷ್ಟು. ಇದನ್ನೇ ಇಂದು ಚಂದ್ರಶೇಖರ್ ಮಿತಿ ಎನ್ನುತ್ತೇವೆ. 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಆರ್ಥರ್ ಎಡಿಂಗ್ಟನ್ ಈ ವಿಚಾರವನ್ನು ಬಹಿರಂಗವಾಗಿ ಅಲ್ಲಗಳೆದರು. ಚಂದ್ರಶೇಖರ್ ವಾದವನ್ನು ಬಿಟ್ಟು ಗ್ರಂಥ ಬರೆದು ಮುಂದೆ ಸಾಗಿದರು. ಮಿತಿಯನ್ನು ಮೀರಿದ ರಾಶಿಯ ಗತಿ ಏನು ಎಂಬ ಪ್ರಶ್ನೆಗೆ ಪಲ್ಸಾರುಗಳು 1967ರಲ್ಲಿ ಕಂಡುಬಂದ ಮೇಲೆ ಹೊಸ ಮಹತ್ವ ಬಂತು. 1983ರಲ್ಲಿ ಅವರು ವಿಲಿಯಂ ಫೌಲರ್ ಜೊತೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಎರಡನೆಯದು 1943ರಲ್ಲಿ ‘ರಿವ್ಯೂಸ್ ಆಫ್ ಮಾಡರ್ನ್ ಫಿಸಿಕ್ಸ್’ನಲ್ಲಿ ಬಂದ 89 ಪುಟಗಳ ವಿಮರ್ಶಾ ಪ್ರಬಂಧ. ಯಾದೃಚ್ಛಿಕ ನಡಿಗೆ, ಬ್ರೌನನ ಚಲನೆ ಮೊದಲಾದ ಸಮಸ್ಯೆಗಳಿಗೆ ಬೇಕಾದ ಗಣಿತವನ್ನು ಅದು ಒಂದೆಡೆ ಕ್ರಮವಾಗಿ ಜೋಡಿಸಿಕೊಡುತ್ತದೆ. ನಕ್ಷತ್ರಪುಂಜಗಳ ಅಧ್ಯಯನಕ್ಕಾಗಿ ಅವರು ಈ ವಿಷಯಕ್ಕೆ ಕೈಹಾಕಿದ್ದರು. ಆದರೆ ಅದನ್ನು ಬಳಸಿಕೊಂಡವರು ಖಗೋಳವಿಜ್ಞಾನಿಗಳು ಮಾತ್ರವಲ್ಲ. ದ್ರಾವಣದಲ್ಲಿ ಅಣುಗಳು ಹರಡುವುದನ್ನು ಅಭ್ಯಸಿಸುವ ರಸಾಯನವಿಜ್ಞಾನಿಗಳು, ಪಾಲಿಮರ್ ತಜ್ಞರು, ಜೀವಭೌತವಿಜ್ಞಾನಿಗಳು, ಎಂಜಿನಿಯರುಗಳು ಎಲ್ಲರಿಗೂ ಅದು ಕೈಪಿಡಿಯಾಯಿತು.

ಉಲ್ಲೇಖಗಳನ್ನು ಎಣಿಸಿದರೆ 1943ರ ಪ್ರಬಂಧವು 1931ರ ಪ್ರಬಂಧವನ್ನು ಹಲವು ಪಟ್ಟು ಹಿಂದೆ ಹಾಕುತ್ತದೆ. ಹಾಗೆಂದು ಮೊದಲನೆಯದರ ಮಹತ್ವ ಕಡಿಮೆಯೇ? ಇಲ್ಲ. ಇಲ್ಲಿ ಎರಡು ಕಾರಣಗಳು ಒಟ್ಟಿಗೆ ಕೆಲಸ ಮಾಡಿವೆ. ಒಂದು, ವಿಧಾನವನ್ನು ಹೇಳಿಕೊಡುವ ಬರಹ ಹಲವು ದೊಡ್ಡ ಕ್ಷೇತ್ರಗಳಿಂದ ಉಲ್ಲೇಖ ಪಡೆಯುತ್ತದೆ; ಒಂದು ಕ್ಷೇತ್ರದ ತಿರುಳಿನ ಸತ್ಯವನ್ನು ಹೇಳುವ ಬರಹ ಆ ಕ್ಷೇತ್ರದಿಂದ ಮಾತ್ರ ಪಡೆಯುತ್ತದೆ. ಎರಡು, ಸತ್ಯವೊಂದು ಪಠ್ಯಪುಸ್ತಕವನ್ನು ಸೇರಿ ಹೆಸರಾಗಿಬಿಟ್ಟರೆ ಮೂಲ ಪ್ರಬಂಧವನ್ನು ಯಾರೂ ಉಲ್ಲೇಖಿಸುವುದಿಲ್ಲ. ‘ಚಂದ್ರಶೇಖರ್ ಮಿತಿ’ ಎಂದು ಬರೆದರೆ ಸಾಕು. ಬೋಸಾನ್ ಎಂದು ಬರೆಯುವವರು ಸತ್ಯೇಂದ್ರನಾಥ ಬೋಸರ 1924ರ ಪ್ರಬಂಧವನ್ನು ಪಟ್ಟಿಗೆ ಸೇರಿಸುವುದುಂಟೇ? ಹೀಗೆ ಅತಿ ದೊಡ್ಡ ಗೆಲುವು ಲೆಕ್ಕದಿಂದಲೇ ಮಾಯವಾಗುತ್ತದೆ.

ಇದು ಚಂದ್ರಶೇಖರ್ ಒಬ್ಬರ ವಿಷಯವಲ್ಲ. ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳ ಪಟ್ಟಿಯನ್ನು ‘ನೇಚರ್’ ಪತ್ರಿಕೆ 2014ರಲ್ಲಿ ಪ್ರಕಟಿಸಿತು. ಮೊದಲ ಸ್ಥಾನ ದ್ರಾವಣದಲ್ಲಿರುವ ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನ ಕುರಿತ ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಪ್ರಬಂಧಕ್ಕೆ. ಅದಕ್ಕೆ ಆಗಲೇ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿದ್ದವು. ಡಿಎನ್ಎಯ ರಚನೆಯನ್ನು ತಿಳಿಸಿದ ವಾಟ್ಸನ್ ಮತ್ತು ಕ್ರಿಕ್‌ರ 1953ರ ಪ್ರಬಂಧ ಆ ನೂರರಲ್ಲಿ ಇರಲೇ ಇಲ್ಲ.

ಹೆಸರೊಂದು, ವಿಜ್ಞಾನಿಗಳಿಬ್ಬರು

ಉಲ್ಲೇಖಗಳ ಸೂಚಿಯಲ್ಲಿ ‘ಎಸ್. ಚಂದ್ರಶೇಖರ್’ ಎಂದು ಹುಡುಕಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಕರ್ನಾಟಕದವರಿಗೆ ಇದು ಹತ್ತಿರದ ವಿಷಯ. ಶಿವರಾಮಕೃಷ್ಣ ಚಂದ್ರಶೇಖರ್ (1930–2004) ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನ ಪ್ರಾಧ್ಯಾಪಕರಾಗಿದ್ದು, ಬಳಿಕ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ದ್ರವ ಸ್ಫಟಿಕಗಳ ಪ್ರಯೋಗಶಾಲೆಯನ್ನು ಕಟ್ಟಿದವರು. ಇಬ್ಬರೂ ಸಿ. ವಿ. ರಾಮನ್ನರ ಬಂಧುಗಳು: ಖಗೋಳವಿಜ್ಞಾನಿ ಚಂದ್ರಶೇಖರ್ ಅಣ್ಣನ ಮಗ, ದ್ರವ ಸ್ಫಟಿಕದ ಚಂದ್ರಶೇಖರ್ ಸೋದರಿಯ ಮಗ. ಹೆಸರು ಮತ್ತು ಇನಿಷಿಯಲ್ ನೋಡಿ ಜೋಡಿಸುವ ಯಂತ್ರಕ್ಕೆ ನಕ್ಷತ್ರ ಯಾವುದು, ದ್ರವ ಸ್ಫಟಿಕ ಯಾವುದು ಎಂಬ ವ್ಯತ್ಯಾಸ ತಿಳಿಯದು. ಈ ಗೊಂದಲವನ್ನು ತಪ್ಪಿಸಲು 2012ರಿಂದ ಸಂಶೋಧಕರಿಗೆ ‘ಆರ್ಕಿಡ್’ ಎಂಬ 16 ಅಂಕಿಗಳ ಗುರುತಿನ ಸಂಖ್ಯೆ ಕೊಡಲಾಗುತ್ತಿದೆ. ಆದರೆ ಹಳಬರ ದಾಖಲೆಗಳಿಗೆ ಮನುಷ್ಯರೇ ಕಣ್ಣು ಹಾಯಿಸಬೇಕು.

ಇವರ ದಾಖಲೆಯಲ್ಲಿಯೂ ನಮಗೊಂದು ಪಾಠವಿದೆ. ಅಂದಿನವರೆಗೆ ದ್ರವ ಸ್ಫಟಿಕವಾಗಲು ಕಡ್ಡಿಯಂಥ ಅಣುಗಳು ಬೇಕೆಂದು ನಂಬಲಾಗಿತ್ತು. ತಟ್ಟೆಯಂಥ ಅಣುಗಳೂ ದ್ರವ ಸ್ಫಟಿಕವಾಗಬಲ್ಲವು ಎಂಬುದನ್ನು ಅವರು ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಂದಿಗೆ 1977ರಲ್ಲಿ ತೋರಿಸಿಕೊಟ್ಟರು. ಪ್ರಬಂಧವನ್ನು ಯಾವ ವಿದೇಶಿ ಪತ್ರಿಕೆಗೂ ಕಳಿಸದೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರಮಾಣ’ದಲ್ಲಿ ಪ್ರಕಟಿಸಿದರು. ‘ಪ್ರಮಾಣ’ದ ಪ್ರಭಾವಾಂಕ ದೊಡ್ಡದಲ್ಲ. ಆದರೂ ಈ ಪ್ರಬಂಧದಿಂದ ಒಂದು ಹೊಸ ಸಂಶೋಧನ ಶಾಖೆಯೇ ಹುಟ್ಟಿತು. ಜಗತ್ತಿನೆಲ್ಲೆಡೆಯಿಂದ ಅದಕ್ಕೆ ಉಲ್ಲೇಖಗಳು ಬಂದವು. ದ್ರವ ಸ್ಫಟಿಕ ಪರದೆಗಳನ್ನು ಓರೆಯಿಂದ ನೋಡಿದರೂ ಚಿತ್ರ ಸ್ಪಷ್ಟವಾಗಿ ಕಾಣಲು ಬಳಸಿದ ತೆಳು ಪದರಗಳಲ್ಲಿ ಇಂಥ ತಟ್ಟೆ ಅಣುಗಳಿದ್ದವು. ಪತ್ರಿಕೆಯ ಅಂಕ ನೋಡಿ ಪ್ರಬಂಧಕ್ಕೆ ಬೆಲೆ ಕಟ್ಟಿದ್ದರೆ ಈ ಕೆಲಸಕ್ಕೆ ಏನು ಸಲ್ಲುತ್ತಿತ್ತು?

ಅಳತೆಯೇ ಗುರಿಯಾದಾಗ

ಉಲ್ಲೇಖವೆಲ್ಲ ಮೆಚ್ಚುಗೆಯೂ ಅಲ್ಲ. ಕೋಣೆಯ ತಾಪದಲ್ಲೇ ನ್ಯೂಕ್ಲಿಯರ್ ಸಮ್ಮಿಲನ ಸಾಧಿಸಿದೆವೆಂದು 1989ರಲ್ಲಿ ಹೇಳಿಕೊಂಡ ಫ್ಲೈಷ್‌ಮನ್ ಮತ್ತು ಪಾನ್ಸ್ ಅವರ ಪ್ರಬಂಧಕ್ಕೆ ಬಹಳಷ್ಟು ಉಲ್ಲೇಖಗಳಿವೆ. ಅವುಗಳಲ್ಲಿ ಅನೇಕವು ಅದನ್ನು ಅಲ್ಲಗಳೆಯಲೆಂದೇ ಬರೆದವು.

ಅಂಕಗಳು ನೇಮಕಾತಿ ಮತ್ತು ಬಡ್ತಿಗೆ ಆಧಾರವಾದಾಗ ಇನ್ನೊಂದು ದೋಷ ಸೇರಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2010ರ ನಿಯಮಗಳು ಅಧ್ಯಾಪಕರ ಪ್ರಕಟಣೆಗಳಿಗೆ ಅಂಕ ಕೊಡುವ ಪದ್ಧತಿಯನ್ನು ತಂದವು. ಇಂಥ ಪದ್ಧತಿಯಲ್ಲಿ ಒಂದು ಕೆಲಸವನ್ನು ನಾಲ್ಕು ತುಂಡು ಮಾಡಿ ನಾಲ್ಕು ಪ್ರಬಂಧ ಬರೆಯುವುದು, ತಮ್ಮನ್ನು ತಾವೇ ಉಲ್ಲೇಖಿಸಿಕೊಳ್ಳುವುದು, ಸ್ನೇಹಿತರು ಪರಸ್ಪರ ಉಲ್ಲೇಖಿಸುವುದು, ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳನ್ನು ಹುಡುಕುವುದು ಇವೆಲ್ಲ ಲಾಭದ ದಾರಿಗಳಾಗಿ ಕಾಣತೊಡಗುತ್ತವೆ. ತನ್ನ ಸೂಚ್ಯಂಕಕ್ಕೆ ಅನುದ್ದೇಶಿತವಾದ ಕೆಟ್ಟ ಪರಿಣಾಮಗಳೂ ಇವೆ ಎಂದು ಹಿರ್ಶ್ ಅವರೇ 2020ರಲ್ಲಿ ಬರೆದರು. ನೇಮಕ, ಬಡ್ತಿ ಮತ್ತು ಅನುದಾನದ ತೀರ್ಮಾನಗಳಲ್ಲಿ ಪತ್ರಿಕೆಯ ಪ್ರಭಾವಾಂಕವನ್ನು ಬಳಸಬಾರದೆಂದು 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯೂ, ತಜ್ಞರ ಓದಿಗೆ ಅಂಕಗಳು ಪೂರಕವಾಗಿ ಮಾತ್ರ ಇರಬೇಕೆಂದು 2015ರ ಲೈಡನ್ ಪ್ರಣಾಳಿಕೆಯೂ ಹೇಳಿವೆ.

ಹಾಗಾದರೆ ಏನು ಮಾಡಬೇಕು?

ಉಲ್ಲೇಖಗಳನ್ನು ಎಣಿಸುವುದೇ ಬೇಡವೆಂದು ಇದರ ಅರ್ಥವಲ್ಲ. ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹರಿಯಿತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಚಂದ್ರಶೇಖರರ ಗಣಿತ ನಕ್ಷತ್ರಪುಂಜದಿಂದ ಜೀವಕೋಶದವರೆಗೆ ಹೋದುದನ್ನು ನಾವು ತಿಳಿದದ್ದೂ ಉಲ್ಲೇಖಗಳ ಜಾಡು ಹಿಡಿದೇ. ಅಳತೆಗೆ ಏಕಮಾನವನ್ನು ಸೇರಿಸಿ ಓದಬೇಕು, ಅಷ್ಟೆ. ಪ್ರಬಂಧದ ಉಲ್ಲೇಖಗಳನ್ನು ಅದೇ ಕ್ಷೇತ್ರದ, ಅದೇ ವರ್ಷದ ಪ್ರಬಂಧಗಳ ಸರಾಸರಿಯಿಂದ ಭಾಗಿಸುವುದು ಒಂದು ದಾರಿ. ಸರಾಸರಿ 6 ಇರುವ ಕಡೆ 12 ಉಲ್ಲೇಖ ಪಡೆದ ಪ್ರಬಂಧದ ಬೆಲೆ 2. ಸರಾಸರಿ 50 ಇರುವ ಕಡೆ 40 ಪಡೆದದ್ದರ ಬೆಲೆ 0.8. ಬರಿಯ ಸಂಖ್ಯೆಯಲ್ಲಿ ಹಿಂದಿದ್ದುದು ಈಗ ಮುಂದಾಯಿತು. ಆದರೂ ಇದು ಸರಾಸರಿಯ ಮಾತೇ. ಓದಿಗೆ ಬದಲಿ ಅಲ್ಲ.

ಅಧ್ಯಾಪಕರು ಇದನ್ನು ತರಗತಿಯಲ್ಲೇ ಮಾಡಿಸಬಹುದು. ಗ್ರಂಥಾಲಯದಿಂದ ಗಣಿತದ, ಭೌತವಿಜ್ಞಾನದ ಮತ್ತು ಜೀವವಿಜ್ಞಾನದ ಒಂದೊಂದು ಸಂಶೋಧನ ಪತ್ರಿಕೆ ತನ್ನಿ. ಪ್ರತಿಯೊಂದರ ಹತ್ತು ಪ್ರಬಂಧಗಳ ಕೊನೆಯಲ್ಲಿರುವ ಉಲ್ಲೇಖಗಳನ್ನೂ ಲೇಖಕರನ್ನೂ ವಿದ್ಯಾರ್ಥಿಗಳಿಂದ ಎಣಿಸಿ ಸರಾಸರಿ ತೆಗೆಸಿ. ಊರಿಗೊಂದು ಸೇರು ಎಂಬ ಮಾತು ಅವರಿಗೆ ತಾವಾಗಿಯೇ ಮನದಟ್ಟಾಗುತ್ತದೆ.

ಆ ಆಯ್ಕೆ ಸಮಿತಿಯ ಬಳಿಕ ನಾನು ಒಂದು ದಿನ ಕುಳಿತು, ನಾವು ಕರೆಯದೆ ಬಿಟ್ಟ ಅಭ್ಯರ್ಥಿಯ ಪ್ರಬಂಧವೊಂದನ್ನು ಓದಿದೆ. ಪೂರ್ತಿ ಅರ್ಥವಾಗಲು ಮೂರು ಸಂಜೆಗಳು ಹಿಡಿದವು. ಒಳ್ಳೆಯ ಕೆಲಸವಾಗಿತ್ತು. ಸಂದರ್ಶನಕ್ಕೆ ಕರೆದಿದ್ದರೆ ಅವರೇ ಆಯ್ಕೆಯಾಗುತ್ತಿದ್ದರೆಂದು ನಾನು ಹೇಳಲಾರೆ. ಮೊದಲ ಸಾಲಿನವರ ಕೆಲಸವೂ ಒಳ್ಳೆಯದೇ ಇರಬಹುದು. ಅದನ್ನೂ ನಾವು ಓದಿರಲಿಲ್ಲ. ಅಂದಿನಿಂದ ಇಂಥ ಸಮಿತಿಗಳಲ್ಲಿ ಕುಳಿತಾಗ ನಾನು ಮೂರು ಪ್ರಶ್ನೆಗಳನ್ನು ಕೇಳುತ್ತೇನೆ. ಈ ಸಂಖ್ಯೆ ಯಾವ ಕ್ಷೇತ್ರದ್ದು? ಎಷ್ಟು ವರ್ಷಗಳದ್ದು? ಎಷ್ಟು ಜನರ ದುಡಿಮೆಯದು? ಆಮೇಲೆ ಪ್ರತಿ ಅಭ್ಯರ್ಥಿಯೂ ತಾವೇ ಆರಿಸಿಕೊಟ್ಟ ಎರಡು ಪ್ರಬಂಧಗಳನ್ನು ಸಮಿತಿಯ ಯಾರಾದರೂ ಒಬ್ಬರು ಓದಿ ಬರಲೆಂದು ಕೋರುತ್ತೇನೆ. ಇದಕ್ಕೆ ಸಮಯ ಬೇಕು, ನಿಜ. ಆದರೆ ಚಂದ್ರಶೇಖರರ ಆ ಪ್ರಬಂಧ ಎರಡೇ ಪುಟಗಳದ್ದಾಗಿತ್ತು ಎಂಬುದು ನೆನಪಿರಲಿ.